ಆಟದ ಪೆಟ್ಟಿಗೆಗೆ ಅಕ್ಷತೆ

ಕೈಯಲ್ಲಿ ಹಿಡಿಯಲಾಗದ ವಸ್ತುವಿನ ಮೇಲೆ ಮಾಧವನಿಗೆ ನಂಬಿಕೆಯಿಲ್ಲ. ಕಾಲೇಜೊಂದರ ಗ್ರಂಥಾಲಯದಲ್ಲಿ ಹದಿನೆಂಟು ವರ್ಷ ಪುಸ್ತಕಗಳ ಧೂಳು ಕೊಡವಿಕೊಂಡು ಬಂದವನಿಗೆ ಅದು ಸಹಜವೇ ಅನ್ನಿ. ಮಗಳು ಲಾಸ್ಯಳಿಗೆಂದು ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಕೊಳ್ಳುವಾಗಲೂ ಡಿಸ್ಕ್ ಹಾಕುವಂಥದ್ದೇ ಬೇಕೆಂದು ಹಟ ಹಿಡಿದಿದ್ದ.

"ಈಗ ಯಾರಪ್ಪ ಡಿಸ್ಕ್ ತಗೋತಾರೆ? ಡೌನ್‌ಲೋಡ್ ಮಾಡ್ಕೊಂಡ್ರೆ ಆಯ್ತು," ಎಂದು ಲಾಸ್ಯ ಅಂಗಡಿಯಲ್ಲೇ ನಕ್ಕಿದ್ದಳು.

"ಡೌನ್‌ಲೋಡ್ ಮಾಡಿದ್ದು ಅವರದು ಕಣೇ. ಇವತ್ತು ಕೊಡ್ತಾರೆ, ನಾಳೆ ಕಿತ್ಕೋತಾರೆ. ಡಿಸ್ಕ್ ಆದ್ರೆ ನಮ್ಮ ಬೀರುವಿನಲ್ಲಿ ಇರುತ್ತೆ."

ಬೀರುವಿನಲ್ಲಿ ಡಿಸ್ಕ್ ಇತ್ತು. ಮಗಳು ಮಾತ್ರ ಎರಡು ವಾರಕ್ಕೊಮ್ಮೆ ಶನಿವಾರ ಬಂದು ಭಾನುವಾರ ಸಂಜೆ ಹೊರಟುಹೋಗುತ್ತಿದ್ದಳು. ಮಾಧವನೂ ಶುಭಾಳೂ ಬೇರೆಯಾಗಿ ಮೂರು ವರ್ಷವಾಗಿತ್ತು. ಶುಭಾ ಮಗಳೊಂದಿಗೆ ವಿಜಯನಗರದಲ್ಲಿದ್ದಳು. ಮಾಧವ ತಾಯಿ ಅಂಬುಜಮ್ಮನ ಜೊತೆ ಇಲವಾಲದ ಕಡೆಯ ಹೊಸ ಬಡಾವಣೆಯಲ್ಲಿದ್ದ. ಅಲ್ಲಿ ಸೈಟುಗಳ ಸಂಖ್ಯೆ ಸಾವಿರ, ಮನೆಗಳು ಹನ್ನೊಂದು.

ಅಪ್ಪ ಮಗಳು ಕಳೆದೊಂದು ವರ್ಷದಿಂದ ಆಡುತ್ತಿದ್ದದ್ದು ಒಂದೇ ಆಟ. ಒಬ್ಬ ಮುದುಕ, ಒಬ್ಬಳು ಹುಡುಗಿ, ಒಂದು ದೋಣಿ. ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುತ್ತ ನದಿ ಹುಟ್ಟುವ ಜಾಗಕ್ಕೆ ಹೋಗಬೇಕು. ಮುದುಕನ ಹುಟ್ಟು ಮಾಧವನ ರಿಮೋಟಿನಲ್ಲಿ, ಹುಡುಗಿಯದು ಲಾಸ್ಯಳದರಲ್ಲಿ. ಒಬ್ಬರೇ ಆಡಲು ಹೋದರೆ ದೋಣಿ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತುತ್ತದೆ. ಹದಿನಾಲ್ಕು ಘಟ್ಟಗಳಲ್ಲಿ ಹದಿಮೂರು ಮುಗಿದಿದ್ದವು.

ಅಷ್ಟರಲ್ಲಿ ಬ್ಯಾಂಕಿನಲ್ಲಿದ್ದ ಶುಭಾಳಿಗೆ ಕಲಬುರಗಿಗೆ ವರ್ಗವಾಯಿತು. ದಸರಾ ರಜೆ ಮುಗಿಯುವ ಸೋಮವಾರ ತಾಯಿ ಮಗಳು ಹೊರಡುವುದೆಂದಾಯಿತು. ವಿಜಯದಶಮಿಯ ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆ ಐದರವರೆಗೆ ಲಾಸ್ಯ ಅಪ್ಪನ ಮನೆಯಲ್ಲಿರಬಹುದು. ಆ ಮೂರು ದಿನದಲ್ಲಿ ಹದಿನಾಲ್ಕನೆಯ ಘಟ್ಟ ಮುಗಿಸಬೇಕು. ಮಾಧವ ಒಂದು ತಿಂಗಳಿಂದ ಬೇರೆ ಯಾವುದನ್ನೂ ಯೋಚಿಸಿರಲಿಲ್ಲ. ಆಟ ಒಟ್ಟಿಗೆ ಮುಗಿಸಿದರೆ ಮಗಳು ಕಲಬುರಗಿಯಲ್ಲೂ ತನ್ನ ಮಗಳಾಗಿಯೇ ಇರುತ್ತಾಳೆ ಎಂಬ ಹುಚ್ಚು ಲೆಕ್ಕವೊಂದು ಅವನ ತಲೆ ಹೊಕ್ಕಿತ್ತು. ಇಂಥ ಲೆಕ್ಕಕ್ಕೆ ತಲೆಬುಡ ಇರುವುದಿಲ್ಲ, ಆದರೆ ಹಾಕಿದವನಿಗೆ ಅದೇ ವೇದವಾಕ್ಯ.

ಎಡವಟ್ಟಾದದ್ದು ಆಯುಧಪೂಜೆಯ ದಿನ. ಅಂಬುಜಮ್ಮ ಬೆಳಿಗ್ಗೆಯೇ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಮಿಕ್ಸಿ ಎಲ್ಲ ಒರೆಸಿ ಸಾಲಾಗಿ ಇಟ್ಟಿದ್ದರು. ಲಾಸ್ಯ ಫೋನಿನಲ್ಲಿ, "ಅಜ್ಜಿ, ನಮ್ಮ ಗೇಮಿಗೂ ಪೂಜೆ ಮಾಡು" ಎಂದಳು. ಮೊಮ್ಮಗಳ ಮಾತು ಮೀರುವುದುಂಟೇ? ಮಾಧವನೇ ಪೆಟ್ಟಿಗೆಯನ್ನು ತಂದು ಮಣೆಯ ಮೇಲೆ ಇಟ್ಟ. ಮಲಗಿಸಿದರೆ ಲಕ್ಷಣವಾಗಿ ಕಾಣುವುದಿಲ್ಲವೆಂದು ಅಂಬುಜಮ್ಮ ಅದನ್ನು ಎತ್ತಿ, ಡಿಸ್ಕ್ ಹಾಕುವ ಸೀಳು ಮೇಲಕ್ಕೆ ಬರುವಂತೆ ನಿಲ್ಲಿಸಿದರು. ಅರಿಸಿನ ಕುಂಕುಮ ಹಚ್ಚಿ, ಗೆಜ್ಜೆವಸ್ತ್ರ ಏರಿಸಿ, ಸೇವಂತಿಗೆ ಇಟ್ಟು, ಮೊಮ್ಮಗಳ ಹೆಸರು ಹೇಳಿ ಒಂದು ಹಿಡಿ ಅಕ್ಷತೆಯನ್ನು ನೆತ್ತಿಯ ಮೇಲೆ ಹಾಕಿದರು.

ಗುರುವಾರ ಸಂಜೆ ಮಾಧವ ಪೆಟ್ಟಿಗೆಗೆ ಡಿಸ್ಕ್ ತಳ್ಳಿದ. ಒಳಗೆ ಕರಕರ ಎಂದಿತು, ಡಿಸ್ಕ್ ಹೊರಗೆ ಬಂತು. ಮತ್ತೆ ತಳ್ಳಿದ. ಮತ್ತೆ ಕರಕರ.

ಶುಕ್ರವಾರ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು ಅದನ್ನು ರಿಪೇರಿಯ ಮಹದೇವನ ಮುಂದೆ ಇಟ್ಟ. ಮಹದೇವ ಮುಚ್ಚಳ ಬಿಚ್ಚಿ, ಸಣ್ಣ ಇಕ್ಕಳದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದ.

"ಸಾರ್, ಅಕ್ಕಿ ಕಾಳು."

ಒಂದಲ್ಲ, ಏಳು. ಎಲ್ಲಕ್ಕೂ ಕುಂಕುಮದ ಬಣ್ಣ.

"ಬೇಜಾರ್ ಮಾಡ್ಕೋಬೇಡಿ ಬುಡಿ ಸಾರ್. ಆಯುಧಪೂಜೆ ಆದ್ಮೇಲೆ ನನ್ಗೆ ಇಂಥವೇ ಬತ್ತವೆ. ಓದ್ವರ್ಷ ಒಬ್ರು ಪ್ರಿಂಟರ್ ಮೇಲೆ ನಿಂಬೆಹಣ್ಣು ಕುಯ್ದ್‌ಬುಟ್ಟಿದ್ರು."

"ಸರಿ ಹೋಗುತ್ತಾ?"

"ಡಿಸ್ಕ್ ಓದೋ ಕಣ್ಣೇ ಗೀಚೋಗದೆ. ಬೇರೆ ಹಾಕ್ಬೇಕು. ಬೆಂಗ್ಳೂರಿಂದ ಬರೋದು, ರಜಾ ಕಳ್ದು ಎಂಗೂ ಒಂದ್ ವಾರ ಆಯ್ತದೆ."

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಡಿಸ್ಕ್ ಬೀರುವಿನಲ್ಲಿ ಭದ್ರವಾಗಿತ್ತು, ಅದನ್ನು ಓದುವ ಯಂತ್ರಕ್ಕೆ ಕಣ್ಣು ಹೋಗಿತ್ತು. ಪೆಟ್ಟಿಗೆಯೊಂದಿಗೆ ಮನೆಗೆ ಬಂದವನನ್ನು ಅಂಬುಜಮ್ಮ, "ಏನಂತೋ?" ಎಂದು ಕೇಳಿದಾಗ, "ಹಳೇದಾಯ್ತಲ್ಲಮ್ಮ, ಸವೆದಿದೆಯಂತೆ," ಎಂದ. ಎಪ್ಪತ್ತನಾಲ್ಕು ವರ್ಷದ ತಾಯಿಗೆ ನಿನ್ನ ಅಕ್ಷತೆಯೇ ಕಾರಣ ಎನ್ನುವ ಎದೆ ಅವನಿಗಿರಲಿಲ್ಲ. ಆದರೆ ಸಿಟ್ಟು ಬರದೆ ಇರಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಚಪ್ಪಲಿ ಗೂಡನ್ನು ಒದ್ದ.

ಹತ್ತೂವರೆಗೆ ಲಾಸ್ಯ ಬಂದಳು. ಹದಿಮೂರು ತುಂಬುತ್ತಿದ್ದ ಹುಡುಗಿ, ಹದಿನೈದು ದಿನದಲ್ಲಿ ಇನ್ನೊಂದಿಷ್ಟು ಉದ್ದವಾಗಿದ್ದಳು. ಸಂಗತಿ ಕೇಳಿ ಅಜ್ಜಿಗೆ ಕೇಳಿಸದಂತೆ ಬಾಯಿ ಮುಚ್ಚಿ ನಕ್ಕಳು.

"ಡೌನ್‌ಲೋಡ್ ಮಾಡಣ ಬಿಡು ಅಪ್ಪ. ನಾವು ಆಡಿರೋದು ಎಲ್ಲೂ ಹೋಗಲ್ಲ, ಅದು ಬೇರೆ ಸೇವ್ ಆಗಿರುತ್ತೆ."

ಮಾಧವ ತತ್ವವನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಎಸೆದು, ತನ್ನ ಬಳಿ ಇದ್ದ ಆಟವನ್ನೇ ಎರಡನೆಯ ಸಲ ಕೊಂಡ. ಆಗ ತಿಳಿದದ್ದು, ಅದು ನೂರನಾಲ್ಕು ಜಿಬಿ ಎಂದು. ಪೆಟ್ಟಿಗೆಯಲ್ಲಿ ಅಷ್ಟು ಜಾಗವಿರಲಿಲ್ಲ. ಡಿಸ್ಕಿನಿಂದ ಹಾಕಿಕೊಂಡಿದ್ದ, ಡಿಸ್ಕ್ ಇಲ್ಲದೆ ನಡೆಯದ ಹಳೆಯದನ್ನು ಅಳಿಸಿದರು, ಸಾಲಲಿಲ್ಲ. ಇನ್ನೂ ಹದಿನೆಂಟು ಬೇಕಿತ್ತು. ಉಳಿದಿದ್ದದ್ದು ಲಾಸ್ಯ ಹತ್ತು ವರ್ಷದವಳಾಗಿದ್ದಾಗ ಒಬ್ಬಳೇ ಆಡುತ್ತಿದ್ದ ಮೊಲಗಳ ತೋಟದ ಆಟವೊಂದೇ. ಮನೆ ಒಡೆದ ವರ್ಷ ಅವಳು ಬೆಳಗಿನಿಂದ ಸಂಜೆಯವರೆಗೆ ಆ ತೋಟದಲ್ಲೇ ಇರುತ್ತಿದ್ದಳು.

"ಅದು ಬೇಡ," ಎಂದ ಮಾಧವ.

"ಚಿಕ್ಕ ಮಕ್ಕಳದ್ದು ಅಪ್ಪ ಅದು," ಎಂದು ಲಾಸ್ಯ ಗುಂಡಿ ಒತ್ತಿಯೇಬಿಟ್ಟಳು. ಮೊಲಗಳು ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ಗಂಟೆಗೆ ಪರದೆಯ ಕೆಳಗೆ ನೀಲಿ ಗೆರೆಯೊಂದು ಮೂಡಿ ನಿಧಾನಕ್ಕೆ ಉದ್ದವಾಗತೊಡಗಿತು.

ರಾತ್ರಿ ಒಂಬತ್ತಕ್ಕೆ ಅದು ಶೇಕಡಾ ಐವತ್ತಾರಕ್ಕೆ ಬಂದು ಹೆಚ್ಚುಕಡಿಮೆ ನಿಂತೇಹೋಯಿತು. ಮಾಧವನ ಫೋನಿಗೆ ಸಂದೇಶ ಬಂತು. ಈ ತಿಂಗಳ ಇನ್ನೂರು ಜಿಬಿ ಮುಗಿದಿದೆ, ಎಂಟನೆಯ ತಾರೀಖಿನವರೆಗೆ ವೇಗ ಕಡಿಮೆ.

ಬಡಾವಣೆಗೆ ಕೇಬಲ್ ಇನ್ನೂ ಬಂದಿರಲಿಲ್ಲ. ಸಿಮ್ ಹಾಕಿದ ಪುಟ್ಟ ಡಬ್ಬಿಯೇ ಅವರ ಇಂಟರ್‌ನೆಟ್. ಮಂಡಿನೋವಿನ ಅಂಬುಜಮ್ಮ ಒಂಬತ್ತು ದಿನದ ದಸರೆಯನ್ನೂ, ಎರಡು ಹೊತ್ತಿನ ಪ್ರವಚನವನ್ನೂ ಆ ಡಬ್ಬಿಯಿಂದಲೇ ಟೀವಿಯಲ್ಲಿ ನೋಡಿದ್ದರು. ತಿಂಗಳ ಪಾಲಿನಲ್ಲಿ ನೂರನಲವತ್ತು ಹೀಗೆ ಅಂಬಾರಿಯ ಹಿಂದೆ ಹೋಗಿತ್ತು. ಅವರನ್ನು ಅನ್ನುವಂತಿಲ್ಲ, ನೋಡಮ್ಮ ನೋಡು ಎಂದು ಹಾಕಿಕೊಟ್ಟವನು ಮಾಧವನೇ.

ಕಂಪನಿಗೆ ಫೋನ್ ಮಾಡಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಈ ಪ್ಲಾನಿಗೆ ಹೆಚ್ಚುವರಿ ಡೇಟಾ ಇಲ್ಲ ಸರ್."

"ದುಡ್ಡು ಕೊಡ್ತೀನಿ ಕಣಮ್ಮ. ಎಷ್ಟಾದರೂ ಸರಿ."

"ಅರ್ಥವಾಗುತ್ತೆ ಸರ್. ಎಂಟನೇ ತಾರೀಖು ತಾನಾಗೇ ಬರುತ್ತೆ ಸರ್."

"ಎಂಟನೇ ತಾರೀಖು ನನ್ನ ಮಗಳು ಇರಲ್ಲ!"

"ಬೇರೇನಾದರೂ ಸಹಾಯ ಬೇಕಾ ಸರ್?" ಎಂದಳು ಹುಡುಗಿ. ಪಾಪ, ಅವಳ ಕೈಯಲ್ಲೂ ಏನೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ವಿಜಯನಗರದ ಮನೆಯಲ್ಲಿ ಮಿತಿಯಿಲ್ಲದ ಕೇಬಲ್ ಇಂಟರ್‌ನೆಟ್ ಇತ್ತು. ಮೂರು ವರ್ಷದಲ್ಲಿ ಮಾಧವ ಆ ಮನೆಯ ಗೇಟು ದಾಟಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಶನಿವಾರ ಬೆಳಿಗ್ಗೆ ಮಾನ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಶುಭಾಳಿಗೆ ಫೋನ್ ಮಾಡಿದ. ಪೆಟ್ಟಿಗೆಯನ್ನು ಅಲ್ಲಿಗೆ ತಂದು ಮೂರು ಗಂಟೆ ಇಟ್ಟುಕೊಳ್ಳಲೇ ಎಂದು ಕೇಳಿದ.

"ನೆಟ್ ತೆಗೆಸಿಬಿಟ್ಟೆನಲ್ಲ, ಗುರುವಾರಾನೇ," ಎಂದಳು ಶುಭಾ. "ಟೀವಿ, ಮಂಚ ಎಲ್ಲಾ ಲಾರಿಗೆ ಹೋಯ್ತು. ನಾನೇ ಚಾಪೆ ಮೇಲೆ ಮಲಗ್ತಿದೀನಿ." ಆಮೇಲೆ, "ಮೊದಲೇ ಹೇಳಿದ್ರೆ ಇಟ್ಕೋತಿದ್ದೆ," ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಮಾಧವನಿಗೆ ಜಗಳವಾಡಲಾದರೂ ಒಂದು ನೆಪ ಸಿಗುತ್ತಿತ್ತು.

ಶನಿವಾರ ಮಧ್ಯಾಹ್ನಕ್ಕೆ ಗೆರೆ ಐವತ್ತೊಂಬತ್ತಕ್ಕೆ ಬಂತು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಮಾಧವ ಡಬ್ಬಿಯನ್ನು ಕಿಟಕಿಯ ಮೇಲಿಟ್ಟ, ತಾರಸಿಗೆ ಒಯ್ದ, ಅಮ್ಮನ ಕೋಣೆಯ ಟೀವಿಯ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತ, ಎಲ್ಲರ ಫೋನು ಆರಿಸಿದ. ಐದು ನಿಮಿಷಕ್ಕೊಮ್ಮೆ ಬಂದು ಪರದೆ ನೋಡಿದ.

"ಅಪ್ಪ, ದಸರಾ ವಸ್ತುಪ್ರದರ್ಶನಕ್ಕೆ ಹೋಗಣ್ವಾ? ಜೈಂಟ್ ವೀಲ್ ಹತ್ತಿ ತುಂಬಾ ದಿನ ಆಯ್ತು," ಎಂದಳು ಲಾಸ್ಯ.

"ನಾವು ಆ ಕಡೆ ಹೋದಾಗ ಇದು ನಿಂತುಹೋದ್ರೆ?"

"ನಿಂತ್ರೆ ನಿಲ್ಲಲಿ ಬಿಡು."

"ಸುಮ್ನಿರು ಲಾಸ್ಯ, ಒಂಚೂರು ತಾಳು. ಆಗುತ್ತೆ."

ಸಂಜೆ ಮತ್ತೊಮ್ಮೆ ಕೇಳಿದಳು, ದಸರೆಯ ದೀಪ ನೋಡಲಾದರೂ ಹೋಗೋಣವೆಂದು. ಮಾಧವ ಮತ್ತೆ ಅದೇ ಮಾತು ಹೇಳಿದ. ಆಮೇಲೆ ಅವಳು ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತು ಅವರೇಕಾಯಿಯ ಸಿಪ್ಪೆ ಬಿಡಿಸುತ್ತ ಹರಟಿದಳು. ನಗು ಹೊರಗಿನ ಕೋಣೆಗೂ ಕೇಳುತ್ತಿತ್ತು. ಮಗಳು ಹತ್ತು ಹೆಜ್ಜೆ ದೂರದಲ್ಲಿ ನಗುತ್ತಿದ್ದಳು, ಅಪ್ಪ ಮಗಳಿಗೋಸ್ಕರ ಪರದೆಯ ಮೇಲಿನ ಗೆರೆ ಕಾಯುತ್ತಿದ್ದ. ಇವನಿಗೆ ಬುದ್ಧಿ ಇಲ್ಲವೆಂದಲ್ಲ, ಎದ್ದು ಹೋದರೆ ಸೋತಂತೆ ಎಂದು ಅವನಿಗೆ ಅನಿಸಿಬಿಟ್ಟಿತ್ತು, ಅಷ್ಟೇ.

ಭಾನುವಾರ ಸಂಜೆ ಐದಕ್ಕೆ ಶುಭಾಳ ಕಾರು ಗೇಟಿನ ಮುಂದೆ ನಿಂತಾಗ ಪರದೆಯಲ್ಲಿ ಅರವತ್ತೈದು ಇತ್ತು.

ಲಾಸ್ಯ ಅಜ್ಜಿಗೆ ನಮಸ್ಕಾರ ಮಾಡಿ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಮಾಧವ ಗೇಟಿನವರೆಗೆ ಜೊತೆಗೆ ನಡೆದ. ಮೂರು ದಿನ ಕೂಡಿಟ್ಟ ಮಾತುಗಳಲ್ಲಿ ಬಾಯಿಗೆ ಬಂದದ್ದು ಒಂದೇ.

"ಕ್ರಿಸ್ಮಸ್ ರಜಕ್ಕೆ ಬಾ. ಅಷ್ಟರಲ್ಲಿ ಎಲ್ಲಾ ಸರಿ ಮಾಡಿಟ್ಟಿರ್ತೀನಿ. ನಾನೊಬ್ಬನೇ ಆಡಲ್ಲ, ಆಣೆ."

ಲಾಸ್ಯ ನಿಂತಳು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಪ್ಪ, ಒಂದು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಹೇಳು."

"ನಾನು ಅದನ್ನ ಮುಗಿಸ್ಬಿಟ್ಟಿದೀನಿ. ನನ್ನ ಫ್ರೆಂಡ್ ಸಂಘಮಿತ್ರ ಮನೇಲಿ, ಅವಳ ಜೊತೆ. ಜುಲೈನಲ್ಲೇ."

ಮಾಧವನಿಗೆ ಮೊದಲು ಅರ್ಥವಾಗಲಿಲ್ಲ. ಜುಲೈ ಆದಮೇಲೆ ಇಬ್ಬರೂ ನಾಲ್ಕು ಘಟ್ಟ ದಾಟಿದ್ದರು. ಸುಳಿ ಬಂದಾಗ ಅವಳು ಕಿರುಚಿ ಅವನ ತೋಳು ಹಿಡಿದುಕೊಂಡಿದ್ದಳು. ಯಾವ ಕಡೆ ತಿರುಗಬೇಕೋ ಗೊತ್ತಿಲ್ಲವೆಂದು ಅವನನ್ನೇ ಕೇಳಿದ್ದಳು, ಅವನು ತಪ್ಪು ಹೇಳಿದಾಗ ಹಾಗೇ ತಪ್ಪು ದಾರಿಯಲ್ಲಿ ಹುಟ್ಟು ಹಾಕಿದ್ದಳು.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಅದೂ ಮುಗಿದುಹೋದ್ರೆ ನಾನು ಬಂದ ದಿನ ಏನ್ ಮಾಡೋದು ಅಂತ ನಿನಗೆ ಗೊತ್ತಾಗಲ್ಲ ಅಲ್ವಾ ಅಪ್ಪ," ಎಂದಳು ಲಾಸ್ಯ. ಗದರಿಕೆಯಾಗಿ ಹೇಳಲಿಲ್ಲ. ಮಗುವಿಗೆ ಅನ್ನ ಆರಿಸಿಕೊಡುವವರ ದನಿಯಲ್ಲಿ ಹೇಳಿದಳು.

ಮಾಧವನಿಗೆ ನಾಚಿಕೆಯಾಯಿತು. ನಿನ್ನೆ ಜೈಂಟ್ ವೀಲ್ ಹತ್ತಬಹುದಿತ್ತು, ದೀಪ ನೋಡಬಹುದಿತ್ತು, ಅವರೇಕಾಯಿ ಬಿಡಿಸಬಹುದಿತ್ತು. ಈಗ ಕಾರಿನ ಒಳಗೆ ಶುಭಾ ಹಾರ್ನ್ ಕೂಡ ಮಾಡದೆ ಎದುರಿನ ಖಾಲಿ ಸೈಟು ನೋಡುತ್ತ ಕೂತಿದ್ದಳು.

"ಕೊನೇಲಿ ಏನಾಗುತ್ತೆ ಹೇಳ್ಲಾ?" ಎಂದಳು ಲಾಸ್ಯ.

"ಹೇಳು."

"ನದಿ ಹುಟ್ಟೋ ಜಾಗ ಬರುತ್ತೆ. ಅಲ್ಲಿ ದೋಣಿ ಹೋಗೋಷ್ಟು ನೀರಿರಲ್ಲ, ಇಬ್ರೂ ಇಳೀತಾರೆ. ಆಮೇಲೆ ರಿಮೋಟ್ ಕೆಲಸ ಮಾಡಲ್ಲ ಅಪ್ಪ. ನಂದೂ ಮಾಡಲ್ಲ, ನಿಂದೂ ಮಾಡಲ್ಲ. ಎಷ್ಟು ಒತ್ತಿದ್ರೂ ಏನೂ ಆಗಲ್ಲ. ಸುಮ್ನೆ ನೋಡ್ತಾ ಕೂತ್ಕೋಬೇಕು. ಅವರ ಪಾಡಿಗೆ ಅವರು ನಡ್ಕೊಂಡು ಹೋಗ್ತಾರೆ."

"ಇಬ್ರೂ ಒಟ್ಟಿಗೇನಾ?"

ಲಾಸ್ಯ ಅಪ್ಪನ ಮುಖ ನೋಡಿದಳು, ಸುಳ್ಳು ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಳು.

"ಸ್ವಲ್ಪ ದೂರ," ಎಂದು ಹೇಳಿ ಕಾರಿನ ಬಾಗಿಲು ತೆಗೆದಳು.