ದೀಪ ಹಚ್ಚಿದ ಮೇಲೆ ಕಂಡ ಗೆರೆ

ದೇವರ ಮನೆಯಲ್ಲಿ, ಕುಂಕುಮದ ಭರಣಿಯ ಪಕ್ಕ, ಬಾಳೆಲೆಯ ತುಂಡಿನ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಆ ಪುಟ್ಟ ಪಟ್ಟಿ ಇಡೀ ದಿನ ಬಿದ್ದುಕೊಂಡಿತ್ತು. ನಮ್ಮ ಮನೆಯ ಪದ್ಧತಿಯೇ ಹಾಗೆ. ಶಾಲೆಯ ಫಲಿತಾಂಶವಿರಲಿ, ಹುಡುಗಿಯ ಫೋಟೋ ಇರಲಿ, ಮೊದಲು ದೇವರ ಮುಂದೆ. ಸಂಜೆ ದೀಪ ಹಚ್ಚಿದ ಮೇಲೆಯೇ ನೋಡುವುದು. ಅಮ್ಮನ ಈ ಕಾನೂನಿಗೆ ದೇವರೂ ಹೆದರುತ್ತಿದ್ದನೇನೋ.

ಅಂದು ಬೆಳಿಗ್ಗೆ ನಳಿನಿ ಅತ್ತಿಗೆ ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಅಮ್ಮ ಕೈಚಾಚಿ ನಿಂತಿದ್ದಳು. ಅಣ್ಣ ಔಷಧಿ ಅಂಗಡಿಯಿಂದ ತಂದಿದ್ದ ಬಸಿರಿನ ಪರೀಕ್ಷೆಯ ಕಿಟ್ ಅದು. ಮದುವೆಯಾಗಿ ವರ್ಷಗಳೇ ಕಳೆದಿದ್ದವು. ದಸರೆಯೊಳಗೆ ಬಸಿರಾಗದಿದ್ದರೆ ಅಣ್ಣನಿಗೆ ಬೇರೆ ಹೆಣ್ಣು ನೋಡುವುದಾಗಿ ಅಮ್ಮ ಅತ್ತಿಗೆಯ ಎದುರಿಗೇ ಹೇಳಿದ್ದಳು. ಅಣ್ಣ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

"ನಾನು ನೋಡ್ದೆ ಅತ್ತೆ. ಒಂದೇ ಗೆರೆ ಬಂದಿದೆ," ಎಂದಳು ಅತ್ತಿಗೆ. ಎರಡು ಬಂದರೆ ಬಸಿರು, ಒಂದಾದರೆ ಇಲ್ಲ.

"ನೀನ್ಯಾಕೆ ಮೊದ್ಲು ನೋಡಿದ್ದು? ಕೊಡಿಲ್ಲಿ."

ಸಂಜೆ ದೀಪದ ಬೆಳಕಿಗೆ ಅಮ್ಮ ಪಟ್ಟಿಯನ್ನು ಎತ್ತಿ ಹಿಡಿದಳು. ಎರಡನೆಯ ಗೆರೆ ಇತ್ತು. ಬೂದು ಬಣ್ಣದ್ದು, ತೀರಾ ಮಾಸಲು, ಆದರೆ ಇತ್ತು. ನಾನೂ ಕಣ್ಣಾರೆ ಕಂಡೆ. "ದೇವ್ರು ಕಣ್ಬಿಟ್ಟ ಕಣೇ!" ಎಂದು ಅಮ್ಮ ಅತ್ತಿಗೆಯ ಬಾಯಿಗೆ ಸಕ್ಕರೆ ಹಾಕಿದಳು.

ಅಂದಿನಿಂದ ಅತ್ತಿಗೆಗೆ ಕೊಡ ಎತ್ತುವ ಕೆಲಸ ತಪ್ಪಿತು. ತುಪ್ಪ ಎಲ್ಲರಿಗಿಂತ ಮೊದಲು ಅವಳ ತಟ್ಟೆಗೆ. ಪಟ್ಟಿ ದೇವರ ಪಕ್ಕದಲ್ಲೇ ಉಳಿಯಿತು. ಅಮ್ಮ ದಿನವೂ ಅದಕ್ಕೊಂದು ಹೂವು ಏರಿಸುತ್ತಿದ್ದಳು. ಡಾಕ್ಟರ ಮಾತೆತ್ತಿದರೆ, "ದೃಷ್ಟಿಯಾಗತ್ತೆ, ಮೂರು ತಿಂಗಳು ತುಂಬ್ಲಿ," ಎನ್ನುತ್ತಿದ್ದಳು. ಮೊದಮೊದಲು ಅನುಮಾನಿಸುತ್ತಿದ್ದ ಅತ್ತಿಗೆಯೂ ನಂಬಿಬಿಟ್ಟಳು. ಒಗ್ಗರಣೆಯ ವಾಸನೆಗೆ ಅವಳಿಗೆ ನಿಜವಾಗಿಯೂ ವಾಕರಿಕೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತು ನಾದಿನಿಯಾದ ನನ್ನ ಪಕ್ಕ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೆಸರು ಯೋಚಿಸುತ್ತಿದ್ದಳು. ಅವಳು ಅಷ್ಟು ಚೆಲುವೆಯಾಗಿ ಕಂಡದ್ದು ಆ ದಿನಗಳಲ್ಲಿ ಮಾತ್ರ.

ಒಂದು ಮಧ್ಯಾಹ್ನ ರಕ್ತ ಕಂಡಿತು. ಅಮ್ಮ ಎದೆ ಬಡಿದುಕೊಂಡಳು. ನಾನು ಅತ್ತಿಗೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯ ವಿಷಯ ಕೇಳಿದರು. ನಡೆದದ್ದನ್ನು ಹೇಳಿದೆ.

"ಸಂಜೆ ನೋಡಿದ್ರಾ? ಅದನ್ನ ಐದು ನಿಮಿಷದಲ್ಲಿ ನೋಡ್ಬೇಕಮ್ಮ. ಆಮೇಲೆ ಒಣಗಿದಾಗ ಅಲ್ಲೊಂದು ಕಲೆ ಕಾಣತ್ತೆ, ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಇವ್ರು ನೋಡಿದ್ದೇ ಸರಿ. ಇದು ಗರ್ಭಪಾತ ಅಲ್ಲ, ತಡವಾಗಿ ಬಂದ ಮುಟ್ಟು."

ಅತ್ತಿಗೆ ಹೊಟ್ಟೆಯ ಮೇಲಿಟ್ಟಿದ್ದ ಕೈ ತೆಗೆದಳು. "ಹಾಗಾದ್ರೆ ಏನೂ ಇರ್ಲೇ ಇಲ್ವಾ?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಅಮ್ಮ ಮನೆ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ಬಸಿರು ನಿಂತಿತ್ತಂತೆ ಅತ್ತೆ. ಉಳೀಲಿಲ್ವಂತೆ."

ಅವಳು ಹಾಗೇಕೆ ಹೇಳಿದಳೆಂದು ನನಗೆ ಕೂಡಲೇ ತಿಳಿಯಿತು. ಒಮ್ಮೆ ಬಸಿರಾದವಳು ಇನ್ನೊಮ್ಮೆ ಆದಾಳೆಂದು ಅಮ್ಮ ಕಾಯುತ್ತಾಳೆ. ಬಸಿರೇ ಆಗಿರಲಿಲ್ಲವೆಂದು ಗೊತ್ತಾದರೆ ದಸರೆಗೆ ಹೊಸ ಹೆಣ್ಣು ಬರುತ್ತಾಳೆ.

ಅಮ್ಮ ಬಯ್ಯಲಿಲ್ಲ. ಎಂದೂ ಮೈ ಮುಟ್ಟದವಳು "ಬಾ ಮಗ್ಳೇ" ಎಂದು ಅವಳನ್ನು ಅಪ್ಪಿಕೊಂಡಳು. ಬಚ್ಚಲಿಗೆ ಕರೆದೊಯ್ದು ತಾನೇ ತಲೆಗೆ ಬಿಸಿನೀರು ಹೊಯ್ದಳು. ಟವೆಲು ಹಿಡಿದು ಹೊರಗೆ ನಿಂತಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಗಂಡೋ ಹೆಣ್ಣೋ, ಪಾಪ," ಎಂದು ಅಮ್ಮ ಅಳುತ್ತಿದ್ದಳು.

"ಹೆಣ್ಣು ಅತ್ತೆ," ಎಂದಳು ಅತ್ತಿಗೆ. "ಹೆಣ್ಣೇ ಅನ್ನಿಸ್ತಿತ್ತು ನಂಗೆ."

ನೀರು ಹೊಯ್ಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಂದು ಚೊಂಬು ನೀರು ಬಿತ್ತು.