ಎಡಗೈ ಕಡೆಯ ಬಾವುಟಗಳು

ಎಂಟನೇ ಬಾವುಟದ ಹತ್ತಿರ ನನ್ನ ತಮ್ಮ ಹನ್ನೊಂದು ನಿಮಿಷ ಕಳೆದಿದ್ದ. ಅಷ್ಟು ಹೊತ್ತಿನಲ್ಲಿ ಮೊಣಕಾಲು ನೋವಿನ ನಾನೇ ಆ ಗುಡ್ಡ ಹತ್ತಿ ಇಳಿದು ಬರುತ್ತೇನೆ. ಸಿಟ್ಟು ನೆತ್ತಿಗೇರಿತ್ತು.

ನಮ್ಮದು ನಕ್ಷೆ, ದಿಕ್ಸೂಚಿ ಹಿಡಿದು, ಕಾಡಿನಲ್ಲಿಟ್ಟ ಬಾವುಟಗಳನ್ನು ಸರದಿಯಂತೆ ಹುಡುಕುತ್ತ ಓಡುವ ಆಟ. ಯಾವ ದಾರಿ ಎಂದು ಯಾರೂ ಹೇಳುವುದಿಲ್ಲ; ಅದನ್ನು ಆರಿಸಿಕೊಳ್ಳುವುದೇ ಆಟ. ಅಭ್ಯಾಸದ ಓಟ ಮುಗಿದ ಮೇಲೆ ನಮ್ಮ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೈಗಡಿಯಾರದ ಜಿಪಿಎಸ್ ದಾಖಲಿಸಿದ ಗೆರೆ ನೋಡುವ ಮೊದಲು, ಓಡಿದವರು ತಾವು ಹೋದ ದಾರಿಯನ್ನು ನೆನಪಿನಿಂದಲೇ ಕೆಂಪು ಪೆನ್ನಿನಲ್ಲಿ ನಕ್ಷೆಯ ಮೇಲೆ ಎಳೆಯಬೇಕು. ಆಮೇಲೆ ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವಳು ನಾನು. ಅಚ್ಚುಮನೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದ್ದೇನೆ. ಬೇರೆಯವರ ತಪ್ಪು ಹುಡುಕಿಯೇ ನನ್ನ ಹೊಟ್ಟೆಪಾಡು ನಡೆದದ್ದು.

ಉಳಿದವರೆಲ್ಲ ಮನೆಗೆ ಹೋಗಿದ್ದರು. ಕ್ಲಬ್ಬಿನ ಕೋಣೆಯಲ್ಲಿ ಉದ್ದನೆಯ ಮೇಜು, ಲ್ಯಾಪ್‌ಟಾಪು, ಬಾಗಿಲ ಬಳಿ ಕೆಸರು ಬೂಟುಗಳು, ನಾವಿಬ್ಬರು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ತಮ್ಮ ನಗರದ ಬಸ್ಸಿನ ಡ್ರೈವರು. ಎರಡು ಗಂಟೆಗೆ ಅವನ ಪಾಳಿ ಶುರು.

“ಮೂರನೇ ಬಾವುಟದಿಂದ ನಾಲ್ಕನೇದಕ್ಕೆ ನೇರವಾಗಿ ದಿಣ್ಣೆ ಹತ್ತಿದ್ರೆ ನಾನೂರು ಮೀಟರು. ನೀನು ಬೇಲಿ ಸುತ್ಕೊಂಡು ಏಳುನೂರು ಓಡಿದೀಯ. ಯಾಕೆ?”

“ದಿಣ್ಣೆ ಹತ್ತೋಕೆ ಬೇಜಾರಾಯ್ತು.”

“ನಿನಗಾ? ಎಲ್ಲರೂ ನಿನ್ನ ಮೊಲ ಅಂತ ಕರೆಯೋದು ಸುಮ್ಮನೆನಾ?”

“ಮೊಲಕ್ಕೂ ವಯಸ್ಸಾಗುತ್ತೆ ಅಕ್ಕ.”

ನಗಿಸಿ ಜಾರಿಕೊಳ್ಳುವುದು ಅವನಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಬೆಳಿಗ್ಗೆಯೂ ಹಾಗೇ ಮಾಡಿದ್ದ. ಅವನ ಕಾರಿನ ಎಡಗಡೆಯ ಕನ್ನಡಿಗೆ ಟೇಪು ಸುತ್ತಿತ್ತು. ಏನೋ ಇದು ಪಟ್ಟಿ ಎಂದು ಕೇಳಿದರೆ, ನಿಲ್ಲಿಸಿದ್ದ ಕಾರಿಗೆ ಯಾರೋ ಪುಣ್ಯಾತ್ಮ ಗುದ್ದಿ ಹೋದ ಎಂದು ನಕ್ಕಿದ್ದ.

ಎಂಟನೇ ಬಾವುಟಕ್ಕೆ ಬಂದೆ. ಬಂಡೆಗಳ ಆಚೆಗಿನ ಹಳ್ಳದಲ್ಲಿ ಅದನ್ನು ನಾನೇ ನೆಟ್ಟು ಬಂದಿದ್ದೆ. ತಮ್ಮನ ಕೆಂಪು ಗೆರೆ ಅಲ್ಲಿ ಒಂದೇ ಸುತ್ತು ಹಾಕಿತ್ತು. ಕೈಗಡಿಯಾರದ ಗೆರೆಯಲ್ಲಿ ನಾಲ್ಕು ಸುತ್ತು. ಮೂರು ಸಲ ಬಾವುಟದಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಹಾದುಹೋಗಿದ್ದಾನೆ. ನಾಲ್ಕನೇ ಸಲ ಎದುರು ದಿಕ್ಕಿನಿಂದ ಬಂದಾಗ ಸಿಕ್ಕಿದೆ.

“ಕಿತ್ತಳೆ ಬಣ್ಣದ್ದು, ಇಷ್ಟು ದೊಡ್ಡದು. ನಿದ್ದೆ ಮಾಡ್ತಾ ಓಡ್ತಿದ್ಯಾ?”

“ಪೊದೆ ಅಡ್ಡ ಇತ್ತು ಅಕ್ಕ.”

“ಅಲ್ಲಿ ಒಂದು ಕಡ್ಡೀನೂ ಇಲ್ಲ. ನಾನು ನೆಟ್ಟಿರೋದು.”

ಅವನು ಬೂಟಿನ ದಾರ ಬಿಚ್ಚತೊಡಗಿದ. ಎದುರುತ್ತರ ಕೊಡದ ತಮ್ಮನನ್ನು ನಾನು ಕಂಡದ್ದೇ ಇಲ್ಲ. ಎದ್ದು ಕಪಾಟಿನಿಂದ ಅವನ ಹಿಂದಿನ ನಾಲ್ಕು ಓಟಗಳ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದೆ. ತಪ್ಪಿದ ಬಾವುಟಕ್ಕೆಲ್ಲ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಒಟ್ಟು ಏಳು. ಓಡುತ್ತಿದ್ದ ದಿಕ್ಕಿಗೆ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದೆ. ಏಳೂ ಅವನ ಎಡಕ್ಕಿದ್ದವು.

ಇರಲಿ, ನಕ್ಷೆ ಹಿಡಿಯುವುದು ಎಡಗೈಯಲ್ಲಿ, ಅದೇ ಅಡ್ಡ ಬಂದಿರಬೇಕು ಎಂದುಕೊಂಡೆ. ಆಮೇಲೆ ದಾರಿಗಳನ್ನು ನೋಡಿದೆ. ಬೇಲಿ, ತೊರೆ, ಕಲ್ಲಿನ ಗೋಡೆ, ಯಾವುದನ್ನು ಹಿಡಿದುಕೊಂಡು ಹೋಗಿದ್ದರೂ ಅದು ಅವನ ಬಲಕ್ಕಿತ್ತು. ಬಲಕ್ಕಿರಲಿ ಎಂದೇ ಮುನ್ನೂರು ಮೀಟರು ಹೆಚ್ಚು ಓಡಿದ್ದ. ಇದು ಸೋಮಾರಿತನವಲ್ಲ, ಬೇಕೆಂದೇ ಆರಿಸಿಕೊಂಡದ್ದು.

ಸದ್ದಿಲ್ಲದೆ ಅವನ ಎಡಗಡೆಗೆ ಹೋಗಿ ನಿಂತೆ. ಅವನು ನಕ್ಷೆ ನೋಡುತ್ತ ಕೂತಿದ್ದ. ಕೆಂಪು ಪೆನ್ನನ್ನು ಅವನ ಕಿವಿಯ ಪಕ್ಕ ಹಿಡಿದು, ನಿಧಾನಕ್ಕೆ ಮುಂದೆ ತಂದೆ. ಕೆನ್ನೆ ದಾಟಿತು. ಕಣ್ಣಿನ ಅಂಚು ದಾಟಿತು. ರೆಪ್ಪೆ ಅಲುಗಲಿಲ್ಲ. ಪೆನ್ನು ಮೂಗಿನ ನೇರಕ್ಕೆ ಬಂದಾಗ ಬೆಚ್ಚಿಬಿದ್ದ.

“ಏನಕ್ಕ ಇದು, ಮಕ್ಕಳಾಟ.”

“ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ? ಹೊತ್ತಾಯ್ತು, ಡಿಪೋಗೆ ಹೋಗ್ಬೇಕು.” ಮೇಜಿನ ಮೇಲಿದ್ದ ಕಾರಿನ ಕೀಲಿಗೆ ಕೈ ಚಾಚಿದ. ಅದಕ್ಕಿಂತ ಮೊದಲು ನಾನು ಎತ್ತಿಕೊಂಡೆ.

“ಎಷ್ಟು ದಿನದಿಂದ ಕಾಣ್ತಿಲ್ಲ?”

ಅವನ ಮುಖದ ನಗೆ ಆರಿಹೋಯಿತು. “ಮೂರು ತಿಂಗಳಾಯ್ತು. ಆದರೆ ನೇರಕ್ಕೆ ಎಲ್ಲಾ ಕಾಣುತ್ತೆ ಅಕ್ಕ. ಡಿಪೋ ಗೋಡೆ ಮೇಲಿನ ಕಣ್ಣು ಪರೀಕ್ಷೆ ಅಕ್ಷರ ಕೊನೇ ಸಾಲಿನವರೆಗೂ ಓದ್ತೀನಿ. ಎಡಗಡೆಗೆ ಕತ್ತು ತಿರುಗಿಸಿ ನೋಡೋದು ಅಭ್ಯಾಸ ಮಾಡ್ಕೊಂಡಿದೀನಿ. ಇಲ್ಲಿ ಓಡೋದೂ ಅದಕ್ಕೇ.”

“ಡಾಕ್ಟರಿಗೆ ತೋರಿಸಿದ್ಯಾ?”

“ತೋರಿಸಿದ್ರೆ ಬಸ್ಸು ಹೋಗುತ್ತೆ.” ಅವನ ದನಿ ಏರಿತು. “ಇಪ್ಪತ್ತೆರಡು ವರ್ಷ, ಒಂದು ಗೀರೂ ಇಲ್ಲ. ಬಸ್ಸು ಬಿಟ್ಟು ನನಗೆ ಬೇರೆ ಏನು ಗೊತ್ತು ಹೇಳು? ಟಿಕೇಟು ಹರಿಯೋಕೆ ಕೂರಿಸ್ತಾರಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಊರಿನ ಇಕ್ಕಟ್ಟಿನ ಬೀದಿಗಳಲ್ಲಿ ಅಷ್ಟುದ್ದದ ಬಸ್ಸನ್ನು ಅವನು ತಿರುಗಿಸುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಕೆಲಸವಿಲ್ಲದೆ ಆ ಬಸ್ಸು ಹತ್ತಿದ್ದೇನೆ. ಇವತ್ತೊಂದು ದಿನ ಹೋಗಿಬರಲಿ, ನಾಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರಾಯಿತು ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

“ನಿನ್ನ ಬಸ್ಸಿಗೆ ಜನ ಯಾವ ಕಡೆಯಿಂದ ಹತ್ತುತ್ತಾರೋ?”

ಅವನು ಕೀಲಿ ಕೊಡು ಎಂಬಂತೆ ಅಂಗೈ ಚಾಚಿದ.

“ಆ ಕನ್ನಡಿ ಹೇಗೆ ಒಡೀತು?”

“ಹೇಳಿದೆನಲ್ಲ, ಯಾರೋ ಗುದ್ದಿ...”

“ತಪ್ಪು ಹುಡುಕೋಳ ಮುಂದೆ ಸುಳ್ಳು ಹೇಳ್ಬೇಡ.”

ತಮ್ಮ ಮೇಜಿನ ಮೇಲಿದ್ದ ಕೆಂಪು ಗೆರೆಯನ್ನೇ ನೋಡುತ್ತ ಕೂತ. ಒಂದು ಗಂಟೆಗೆ ಐದು ನಿಮಿಷವಿತ್ತು.

“ಸೈಕಲ್ಲು,” ಎಂದ. “ಗುರುವಾರ. ಒಬ್ಬಳು ಹೆಂಗಸು ಪಕ್ಕದಲ್ಲೇ ಹೋಗ್ತಿದ್ಲಂತೆ. ಬಿದ್ದಳು. ಮೊಣಕೈ ತರಚಿ ರಕ್ತ ಬರ್ತಿತ್ತು. ಎದ್ದು ಬಾಯಿಗೆ ಬಂದಂಗೆ ಬೈದ್ಲು, ಕಣ್ಣು ಕಾಣಲ್ವಾ ಅಂತ. ಅವಳು ಬೈಯೋವರೆಗೂ ಅಲ್ಲಿ ಒಬ್ಬರು ಇದ್ದರು ಅಂತಲೇ ನನಗೆ ಗೊತ್ತಿರ್ಲಿಲ್ಲ ಅಕ್ಕ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಳು ಬಂತು, ನುಂಗಿಕೊಂಡೆ. ಈಗ ಅತ್ತರೆ ಅವನು ನನ್ನನ್ನು ಸಮಾಧಾನಪಡಿಸಲು ಶುರುಮಾಡುತ್ತಾನೆ, ಡಿಪೋಗೆ ಮಾಡಬೇಕಾದ ಫೋನು ಹಾಗೇ ಉಳಿದುಬಿಡುತ್ತದೆ.

“ಡಿಪೋಗೆ ನೀನು ಮಾಡ್ತೀಯೋ, ನಾನು ಮಾಡಲೋ?”

ಅವನೇ ಮಾಡಿದ. ಇವತ್ತು ಬರುವುದಿಲ್ಲ ಎಂದ. ಆ ಕಡೆಯವರು ಕಾರಣ ಕೇಳಿರಬೇಕು. ಜ್ವರ ಎನ್ನಬಹುದಿತ್ತು, ಕಾಲುಳುಕಿತು ಎನ್ನಬಹುದಿತ್ತು. ಯಾವುದನ್ನು ಅಂದರೂ ನಾಳೆ ಮತ್ತೆ ಬಸ್ಸು ಹತ್ತುತ್ತಿದ್ದ. ನಾನು ಅವನ ಎಡಭುಜದ ಪಕ್ಕದಲ್ಲೇ, ಉಸಿರು ಬಿಗಿಹಿಡಿದು ನಿಂತಿದ್ದೆ.

“ನನಗೆ ಎಡಗಡೆ ಕಾಣ್ತಿಲ್ಲ ಸಾರ್,” ಎಂದ. “ಮೂರು ತಿಂಗಳಿಂದ.”

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಎರಡೂ ಕೈ ಅದರ ಮೇಲಿಟ್ಟು ಕೂತ. ಎಷ್ಟೋ ಹೊತ್ತಾದ ಮೇಲೆ ಮೆಲ್ಲಗೆ ಕರೆದ.

“ಅಕ್ಕ, ಹೊರಟುಹೋದ್ಯಾ?”

“ಇಲ್ಲೇ ಇದೀನೋ,” ಎಂದು ಸುತ್ತಿಕೊಂಡು ಹೋಗಿ ಅವನ ಬಲಗಡೆಯ ಕುರ್ಚಿಯಲ್ಲಿ ಕೂತೆ.