ಶೇಖರಮ್ಮ ಹೊಲಿದ ಕೌದಿ

ಕೌದಿ ಬಹಳ ದೊಡ್ಡದಿತ್ತು. ಮಡಿಸಿ, ಹಗ್ಗದಿಂದ ಬಿಗಿದು, ಗಂಗಾವತಿಯಿಂದ ಜರ್ಮನಿಯವರೆಗೆ ಅದನ್ನು ಹೊತ್ತು ತಂದ ದೇವೇಂದ್ರಪ್ಪನವರಿಗೆ ದಾರಿಯುದ್ದಕ್ಕೂ ಒಂದೇ ಸೋಜಿಗ. ಗುಡಿಯ ತಾಯಿಯ ತೊಡೆಯ ಮೇಲಿನ ಕೂಸಿಗೆ ಇಷ್ಟು ದೊಡ್ಡ ಕೌದಿ ಯಾತಕ್ಕೆ? ಕೇಳೋಣವೆಂದರೆ ಹೊಲಿದವಳು ಇರಲಿಲ್ಲ. ಅವರ ಹೆಂಡತಿ ಶೇಖರಮ್ಮ ಶಿವನ ಪಾದ ಸೇರಿ ಆಗಲೇ ವರ್ಷ ತುಂಬಿತ್ತು.

ದೇವೇಂದ್ರಪ್ಪನವರದು ಗಂಗಾವತಿಯಲ್ಲಿ ಭತ್ತದ ವ್ಯಾಪಾರ. ವಿರೂಪಾಪುರಗಡ್ಡೆಯಲ್ಲಿ ಗದ್ದೆ, ಗದ್ದೆಯ ಬದಿಗೆ ಒಂದು ಸಣ್ಣ ಮನೆ. ಎಪ್ಪತ್ತಾರನೆಯ ಇಸವಿಯಲ್ಲಿ ಹಿಲ್ಡಾ ಎಂಬ ಜರ್ಮನಿಯ ಹುಡುಗಿ ಹಂಪಿಯ ಕಂಬಗಳ ಚಿತ್ರ ಬರೆಯಲು ಬಂದವಳು ಆ ಮನೆಯಲ್ಲಿ ಇಳಿದಿದ್ದಳು. ಬೆಳಿಗ್ಗೆ ಹರಿಗೋಲಿನಲ್ಲಿ ಹೊಳೆ ದಾಟಿ ಹೋಗುವಳು, ಸಂಜೆ ಮುಖವೆಲ್ಲ ಕೆಂಪಾಗಿ ಹಿಂದಿರುಗುವಳು. ಶೇಖರಮ್ಮ ಅವಳಿಗೆ ರೊಟ್ಟಿ ಬಡಿಯುವುದನ್ನೂ ಕಲಿಸಿದಳು, ಮಾತನ್ನೂ ಕಲಿಸಿದಳು. ಹಿಲ್ಡಾ ಹೋಗಿ ಹಿಲ್ಡವ್ವ ಆದಳು.

ಅವಳಿಗೆ ವಿಷಮಜ್ವರ ಬಂದದ್ದು ಆ ಮನೆಯಲ್ಲಿಯೇ. ಡಾಕ್ಟರು ಕೈಚೆಲ್ಲುವ ಮಾತಾಡಿದ ದಿನ ಶೇಖರಮ್ಮ ಹರಕೆ ಹೊತ್ತಳು. ಹುಲಿಗಿಯ ಹುಲಿಗೆಮ್ಮನಿಗಂತೂ ಸರಿಯೇ. ಹುಡುಗಿಯ ತಲೆದೆಸೆಯಲ್ಲಿ ಅವಳ ಊರಿನ ಗುಡಿಯ ತಾಯಿಯ ಚಿತ್ರವಿತ್ತು, ಅದಕ್ಕೂ ಕೈಮುಗಿದಳು. ಹುಡುಗಿ ಉಳಿದರೆ ನಿನ್ನ ಗುಡಿಗೇ ಬಂದು ಉಡಿ ತುಂಬುತ್ತೇನೆಂದು ಬೇಡಿಕೊಂಡಳು.

ದೇವೇಂದ್ರಪ್ಪನವರು ಆ ಚಿತ್ರ ನೋಡಿರಲಿಲ್ಲ. ಪ್ರಾಯದ ಹೆಣ್ಣುಮಗಳು ಮಲಗಿದ ಕೋಣೆಯ ಹೊಸ್ತಿಲನ್ನು ಅವರು ದಾಟುವವರಲ್ಲ.

"ಹುಲಿಗಿಗಾದ್ರ ಬಂಡಿ ಕಟ್ಟಿದ್ರ ಆತು," ಎಂದು ಅವರು ಆಗ ನಗೆಯಾಡಿದ್ದರು. "ಇದೆಲ್ಲಿ ದೇಶ, ಎಲ್ಲಿ ದೇವರು! ಹೆಂಗ ಹೋಗಾಕಿ ನೀ?"

"ಹೋದ್ರಾತು ಬಿಡ್ರಿ. ಹಡದ ಊರಿನಾಕಿಗೆ ಕರುಳು ಜಾಸ್ತಿ ಇರತೈತಿ, ಅದಕ್ಕ ಬೇಡಿಕೊಂಡೆ."

"ಎಂಥಾಕಿ ಅದಾಳ ಆ ತಾಯಿ?"

"ತೊಡಿ ಮ್ಯಾಲ ಮಗನ್ನ ಹಾಕ್ಕೊಂಡು ಕುಂತಾಳ," ಎಂದಷ್ಟೇ ಹೇಳಿ ಶೇಖರಮ್ಮ ಒಳಗೆ ಹೋಗಿದ್ದಳು.

ಹಿಲ್ಡಾ ಉಳಿದಳು. ಮೈಯಲ್ಲಿ ಶಕ್ತಿ ತುಂಬಿದ ಮೇಲೆ ತನ್ನ ದೇಶಕ್ಕೆ ಹೋದಳು. ಶೇಖರಮ್ಮ ಕೌದಿ ಹೊಲಿಯಲು ಕೂತಳು. ತನ್ನ ಹಳೆಯ ಇಳಕಲ್ಲ ಸೀರೆ, ಗಂಡನ ಧೋತರ, ಮಗ ಪಂಪಣ್ಣನ ಅಂಗಿಗಳು, ಎಲ್ಲ ಅದರಲ್ಲಿ ಸೇರಿದವು. ಪಂಪಣ್ಣ ಅವರಿಗೆ ಒಬ್ಬನೇ ಮಗ. ಹಿಲ್ಡಾ ಬರುವುದಕ್ಕೆ ಎರಡು ವರ್ಷ ಮೊದಲು, ಶ್ರಾವಣದ ಹೊಳೆಯಲ್ಲಿ ಹರಿಗೋಲು ಮಗುಚಿ ತೀರಿಕೊಂಡಿದ್ದ. ಅವನ ಅಂಗಿಗಳನ್ನು ಶೇಖರಮ್ಮ ಅಲ್ಲಿಯವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈಗ ತಾನೇ ಅವಕ್ಕೆ ಕತ್ತರಿ ಹಾಕಿದಳು.

ಹರಕೆ ಮಾತ್ರ ಹಾಗೇ ಉಳಿಯಿತು. ಒಂದು ವರ್ಷ ಮಳೆ ಹೆಚ್ಚಾಯಿತು, ಒಂದು ವರ್ಷ ಅಕ್ಕಿ ಗಿರಣಿಯ ಕೆಲಸ ಬಂತು, ಆಮೇಲೆ ಶೇಖರಮ್ಮನಿಗೆ ಎದೆಬೇನೆ ಬಂತು. ಕೊನೆಯ ದಿನಗಳಲ್ಲಿ ಅವಳು ಗಂಡನ ಕೈಹಿಡಿದು ಹೇಳಿದಳು:

"ನನ್ನ ಹರಕಿ ನನ್ನ ಬೆನ್ನ ಹಿಂದ ಬರಬಾರದ್ರಿ. ನೀವ ಹೋಗಿ ತೀರಿಸಿ ಬರ್ರಿ."

"ಗಂಡಸರು ಉಡಿ ತುಂಬೂದು ಎಲ್ಲ್ಯಾರ ಐತೇನ?"

"ಹಿಲ್ಡವ್ವನ ಕಡಿಂದ ತುಂಬಸ್ರಿ. ಕೌದಿ ಮರೀಬ್ಯಾಡ್ರಿ ಮತ್ತ. ಮೊದಲ ಮಗಗ ಕೌದಿ ಹೊಚ್ಚರಿ, ಆಮ್ಯಾಲ ಉಡಿ."

ಆ ಮಾತು ನಡೆಸಲೆಂದೇ ದೇವೇಂದ್ರಪ್ಪನವರು ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದರು. ಎಂಬತ್ತೈದನೆಯ ಇಸವಿ, ಯುಗಾದಿ ಕಳೆದು ಒಂದು ತಿಂಗಳಾಗಿತ್ತು. ವಿಮಾನ ಇಳಿದಲ್ಲಿ ಸರಕಾರದವರು ಅವರ ಗಂಟು ಬಿಚ್ಚಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಗುಳೇದಗುಡ್ಡದ ಖಣ ಎಲ್ಲವನ್ನೂ ಎತ್ತಿ ನೋಡಿದರು. ಒಬ್ಬನು ವಿಭೂತಿಯ ಗಟ್ಟಿಯನ್ನು ಮೂಸಿ ಸೀನಿದ. ಕರೆಯಲು ಬಂದಿದ್ದ ಹಿಲ್ಡಾ ಏನೋ ಹೇಳಿದ ಮೇಲೆ ಎಲ್ಲವನ್ನೂ ತಿರುಗಿ ಕಟ್ಟಿಕೊಟ್ಟರು.

"ಏನಂದಿ ಅವರಿಗೆ?"

"ನಮ್ಮಪ್ಪ, ಬೀಗರ ಮನಿಗೆ ಬಂದಾರ, ಬರಿಗೈಲೆ ಹೆಂಗ ಬರತಾರ ಅಂದೆ," ಎಂದಳು ಹಿಲ್ಡಾ. ಅವಳ ಕೂದಲಲ್ಲಿ ಒಂದೆರಡು ಬಿಳಿ ಎಳೆ ಕಾಣುತ್ತಿದ್ದವು. ಮಾತು ಮಾತ್ರ ಶೇಖರಮ್ಮನದೇ, ಎಳೆದು ಆಡುವ ರೀತಿಯೂ ಅವಳದೇ. ದೇವೇಂದ್ರಪ್ಪನವರು ಮುಖವನ್ನು ಆಚೆ ತಿರುಗಿಸಿಕೊಂಡರು.

ಮರುದಿನ ಸ್ನಾನ, ಲಿಂಗಪೂಜೆ ಮುಗಿಸಿ ಅವರು ಗುಡಿಗೆ ಹೊರಟರು. ಹಳೆಯ ಊರಿನ ನಡುವೆ ದೊಡ್ಡ ಚೌಕ. ನೆಲಕ್ಕೆಲ್ಲ ಕಲ್ಲು ಹಾಸಿತ್ತು. ಸುತ್ತಲೂ ಗೋಡೆಯಲ್ಲಿ ಕಟ್ಟಿಗೆಯ ತೊಲೆಗಳು ಕಾಣುವ ಇಳಿಜಾರು ಮಾಡಿನ ಮನೆಗಳು ಒಂದಕ್ಕೊಂದು ಆತು ನಿಂತಿದ್ದವು. ಅಂದು ಸಂತೆಯ ದಿನ. ಮುದುಕಿಯರು ಗಡ್ಡೆ, ಕೋಸು, ಹೂವು ಮಾರುತ್ತಿದ್ದರು. ಧೋತರ, ಕರಿಕೋಟು, ಬಿಳಿ ರುಮಾಲಿನ ದೇವೇಂದ್ರಪ್ಪನವರನ್ನು ಕಂಡು ಒಂದು ಕೂಸು ಅಳುವುದನ್ನೇ ನಿಲ್ಲಿಸಿತು.

"ನಿಮ್ಮನ್ನ ನೋಡಿ ಹೆದರೈತ್ರಿ," ಎಂದು ಹಿಲ್ಡಾ ನಕ್ಕಳು.

"ಹೆದರಿಲ್ಲವಾ, ಗುರುತು ಹಿಡದೈತಿ. ಎಲ್ಲಾ ಊರ ಕೂಸಿಗೂ ಮುದುಕರು ಗೊತ್ತಿರತಾರ."

ಚೌಕದ ಒಂದು ಮಗ್ಗುಲಲ್ಲಿ ಆ ಗುಡಿ. ಆರು ನೂರು ವರ್ಷದ ಹಿಂದಿನದೆಂದು ಹಿಲ್ಡಾ ಹೇಳಿದಳು. ಹಂಪಿಯ ಗೋಪುರ ನೋಡಿದವರಿಗೆ ಎತ್ತರ ಹೊಸದಲ್ಲ. ಆದರೂ ತುದಿ ನೋಡಲು ಕತ್ತೆತ್ತಿದ ದೇವೇಂದ್ರಪ್ಪನವರು ರುಮಾಲನ್ನು ಕೈಯಿಂದ ಹಿಡಿದುಕೊಳ್ಳಬೇಕಾಯಿತು. ಬಾಗಿಲ ಕಲ್ಲು ಕಾಲು ತಾಗಿ ಸವೆದು ನಡುವೆ ತಗ್ಗಾಗಿತ್ತು. 'ಎಷ್ಟು ಮಂದಿ ಬೇಡಿಕೊಂಡು ಬಂದಿದ್ದಾರೋ' ಎಂದುಕೊಂಡು ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ಹಿಮದಂತೆ ಕೊರೆಯಿತು.

ಅಲ್ಲೇ ನಿಂತಿದ್ದ ವಯಸ್ಸಾದ ಪಾದ್ರಿ ಅವರ ಬರಿಗಾಲನ್ನು ನೋಡಿದನು, ತಲೆಯನ್ನು ನೋಡಿದನು. ಮೆಲ್ಲನೆ ಹಿಲ್ಡಾಳಿಗೆ ಏನೋ ಹೇಳಿದನು.

"ಅಪ್ಪಾರ, ಇಲ್ಲಿ ಕಾಲಾಗಿಂದು ಇರಲಿ, ತಲಿ ಮ್ಯಾಲಿಂದು ತಗೀರಿ ಅಂತಾರ."

"ರುಮಾಲಾ?" ದೇವೇಂದ್ರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮಲ್ಲಿ ರುಮಾಲು ತಗಿಯೂದು ಯಾವಾಗಂತ ನಿನಗ ಗೊತ್ತಿಲ್ಲೇನ? ಮನ್ಯಾಗ ಹೆಣ ಬಿದ್ದಾಗ. ಹರಕಿ ತೀರಸಾಕ ಬಂದಾವ ಬೋಳತಲೀಲೆ ತಾಯಿ ಮುಂದ ನಿಂದರಲೇನ?"

ಹಿಲ್ಡಾ ಅದನ್ನು ತನ್ನ ಮಾತಿನಲ್ಲಿ ಹೇಳಿದಳು. ಪಾದ್ರಿ ಆಗಲಿ ಎಂಬಂತೆ ಕೈ ತೋರಿಸಿ ಮುಂದೆ ನಡೆದನು.

ಒಳಗೆ ಸಾಲು ಸಾಲು ಕಂಬ. ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಬಂದು ನೆಲದ ಮೇಲೆ ಕುಂಕುಮ ಅರಿಷಿಣ ಚೆಲ್ಲಿದಂತಿತ್ತು. ಎಡಗಡೆ ಒಂದು ಗೂಡಿನ ಮುಂದೆ ಮೇಣದ ದೀಪಗಳು ಉರಿಯುತ್ತಿದ್ದವು. ಹಿಲ್ಡಾ ಅಲ್ಲಿ ನಿಂತಳು.

"ಇಕಿನ ನೋಡ್ರಿ, ಅವ್ವ ಹರಕಿ ಹೊತ್ತಾಕಿ."

ದೇವೇಂದ್ರಪ್ಪನವರು ತಲೆ ಎತ್ತಿದರು.

ಕಟ್ಟಿಗೆಯಲ್ಲಿ ಕಡೆದ ತಾಯಿ. ಸೆರಗು ತಲೆಯ ಮೇಲೆ ಹೊದ್ದು ಕುಳಿತಿದ್ದಳು. ತೊಡೆಯ ಮೇಲೆ ಮಗನಿದ್ದ. ಕೂಸಲ್ಲ. ಬೆಳೆದ ಮಗ, ಉದ್ದನೆಯ ಮಗ. ಕತ್ತು ಹಿಂದಕ್ಕೆ ಬಿದ್ದಿತ್ತು, ಮೊಳೆ ಹೊಡೆದ ಗಾಯವಿದ್ದ ಒಂದು ಕೈ ಜೋತುಬಿದ್ದಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಮೈಮೇಲೆ ಒಂದು ತುಂಡು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ತಾಯಿ ಅಳುತ್ತಿರಲಿಲ್ಲ. ಮಗನ ಮುಖ ನೋಡುತ್ತಿದ್ದಳು, ಅಷ್ಟೇ.

ಅವರಿಗೆ ಗುಡಿ ಮರೆತುಹೋಯಿತು. ವಿರೂಪಾಪುರಗಡ್ಡೆಯ ದಂಡೆ ಕಣ್ಣಿಗೆ ಕಟ್ಟಿತು. ಹೊಳೆಯಿಂದ ತೆಗೆದ ಪಂಪಣ್ಣನನ್ನು ಶೇಖರಮ್ಮ ಹೀಗೆಯೇ ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅವನ ಕೈ ಹೀಗೆಯೇ ಮರಳಿಗೆ ತಾಗಿತ್ತು. ಮಳೆ ಹನಿಯುತ್ತಿತ್ತು. 'ಹುಡುಗಗ ಥಂಡಿ ಹತ್ತತೈತಿ, ಏನರ ಹೊಚ್ಚರಿ, ಏನರ ತರ್ರಿ' ಎಂದು ಅವಳು ಒಂದೇ ಸಮನೆ ಅನ್ನುತ್ತಿದ್ದಳು. ದಂಡೆಯಲ್ಲಿ ಎಲ್ಲರ ಬಟ್ಟೆಯೂ ತೊಯ್ದು ತೊಪ್ಪೆಯಾಗಿತ್ತು. ಮನೆಗೆ ಓಡಿದವರು ಹಚ್ಚಡ ತರುವುದರೊಳಗೆ ಹೆಂಗಸರು ಅವಳನ್ನು ಬಿಡಿಸಿ ಕರೆದೊಯ್ದಿದ್ದರು.

ಕೌದಿ ಯಾಕೆ ದೊಡ್ಡದೆಂಬುದು ಅವರಿಗೆ ಈಗ ತಿಳಿಯಿತು.

ಯಾರೂ ಹೇಳಲಿಲ್ಲ, ಅವರ ಕೈ ತಾನಾಗಿಯೇ ತಲೆಗೆ ಹೋಯಿತು. ರುಮಾಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಸಾವಾದ ಮನೆಗೆ ಬಂದವರಂತೆ ಗೋಡೆಗೆ ಸರಿದು ನಿಂತರು. ಪಾದ್ರಿ ಅದನ್ನು ನೋಡಿದನು.

"ನಿನಗ ಗೊತ್ತಿತ್ತೇನ ಹಿಲ್ಡವ್ವಾ, ನಮ್ಮಾಕಿ ಇಕಿನ್ನ ಯಾಕ ಹಿಡಕೊಂಡ್ಲಂತ?"

"ಜ್ವರದಾಗ ನನಗ ಏನೂ ತಿಳೀತಿರಲಿಲ್ರಿ. ಆರಾಮಾದ ಮ್ಯಾಲ ಅವ್ವ ಒಂದು ಸಲ ಚಿತ್ರ ಕೈಯಾಗ ಹಿಡಕೊಂಡು ಕೇಳಿದ್ಲು. 'ಇಷ್ಟು ವರ್ಷ ಹಿಂಗ ಕುಂತಾಳಲ್ಲ, ಇಕಿ ಮಗಗ ಹೊಚ್ಚಾಕ ನಿಮ್ಮೂರಾಗ ಯಾರೂ ಏನೂ ತಂದಿಲ್ಲೇನ?' ಅಂತ."

ದೇವೇಂದ್ರಪ್ಪನವರು ಕೂತು ಹಗ್ಗ ಬಿಚ್ಚಿದರು. ಆದರೆ ಪಾದ್ರಿ ಅಡ್ಡ ಬಂದನು. ಮೂರ್ತಿ ಹಳೆಯದು, ಬಣ್ಣ ಏಳುತ್ತಿದೆ, ಊರಿನವರೂ ಅದನ್ನು ಮುಟ್ಟುವುದಿಲ್ಲ. ಬೇಕಾದರೆ ತಂದದ್ದನ್ನು ಮೆಟ್ಟಿಲ ಮೇಲೆ ಇಟ್ಟು ಹೋಗಬಹುದು. ಇದು ಅವನ ಮಾತು. ಹಿಲ್ಡಾ ವಾದಿಸಿದಳು, ಧ್ವನಿ ಏರಿಸಿದಳು. ಪಾದ್ರಿಯ ತಲೆ ಅಡ್ಡಡ್ಡವೇ ಆಡಿತು.

"ಬ್ಯಾಡವಾ, ಜಗಳಾಡಬ್ಯಾಡ," ಎಂದರು ದೇವೇಂದ್ರಪ್ಪನವರು. "ದೇವರನ್ನ ಕಾಯೋರು ಅವರು. ಅವರ ಅಂಜಿಕಿ ಅವರಿಗೆ. ನಾ ಹೇಳೂದಷ್ಟು ಅವರಿಗೆ ತಿಳಿಸು."

ಅವರು ಕೌದಿಯನ್ನು ನೆಲದ ಮೇಲೆ ಹಾಸಿದರು. ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟರು.

"ಇದು ನಮ್ಮಾಕಿ ಸೀರಿ, ಮದುವಿದು. ಇದು ನನ್ನ ಧೋತರ. ಈ ನೀಲಿ ಗೀಟಿನದು ನಮ್ಮ ಪಂಪಣ್ಣನ ಅಂಗಿ. ಹೊಳಿ ನುಂಗಿದ ಹುಡುಗ. ಅವಗ ಹೊಚ್ಚಾಕ ಆ ದಿನ ನಮ್ಮ ಹಂತೇಲಿ ಒಣಾ ಅರಿವಿ ಇರಲಿಲ್ರಿ. ಅದಕ್ಕ ಅವನ ತಾಯಿ ಈ ತಾಯಿ ಮಗಗ ಹೊಲದಾಳ. ಇದನ್ನ ಮೆಟ್ಟಲ ಮ್ಯಾಲ ಇಟ್ಟು ಹೋದ್ರ, ನಾ ಅಕಿಗೆ ಏನಂತ ಹೇಳಲಿ?"

ಹಿಲ್ಡಾ ಅದನ್ನೆಲ್ಲ ಪಾದ್ರಿಗೆ ತಿಳಿಸಿದಳು. ಪಾದ್ರಿ ಬಗ್ಗಿ ಕೌದಿಯ ಅಂಚನ್ನು ಮುಟ್ಟಿದನು. ಆ ಸಣ್ಣ ಹೊಲಿಗೆಯ ಸಾಲುಗಳ ಮೇಲೆ ಕೈಯಾಡಿಸಿದನು. ಆಮೇಲೆ ಹಿಲ್ಡಾಳಿಗೆ ಏನೋ ಹೇಳಿದನು.

"ಏನಂತಾರ?"

"ಹೋದ ತಿಂಗಳ ನಮ್ಮ ಉಪವಾಸದ ಕಡೀ ದಿನಗಳಾಗ ನಾವೂ ಎಲ್ಲಾ ಮೂರ್ತಿಗೆ ಅರಿವಿ ಮುಚ್ಚಿದ್ವಿ ಅಂತಾರ. ಅರಿವಿ ಹೊಚ್ಚೂದು ಇಲ್ಲಿ ಹೊಸಾದಲ್ಲಂತ. ಮೆತ್ತಗ ಹೊಚ್ಚಿದ್ರ ನಡಿತೈತಂತ. ಸಂಜೀ ಗಂಟಿತನಕ."

ಇಬ್ಬರು ಮುದುಕರೂ ಕೌದಿಯ ಒಂದೊಂದು ತುದಿ ಹಿಡಿದರು. ಹಸುಗೂಸನ್ನು ಎಬ್ಬಿಸದಂತೆ ಹೊದಿಸುವ ಹಾಗೆ ಮಗನ ಎದೆಯ ಮೇಲಿಂದ ಕಾಲಿನವರೆಗೆ ಇಳಿಬಿಟ್ಟರು. ಕೌದಿ ಅಳತೆ ತೆಗೆದು ಹೊಲಿದಂತೆ ಕೂತಿತು. ಜೋಲಾಡುವ ಕೈಯೂ ಅದರೊಳಗೆ ಅಡಗಿತು. ತಾಯಿಯ ಮೊಣಕಾಲುಗಳ ನಡುವೆ ಬಟ್ಟೆ ಇಳಿದು ಒಂದು ಮಡಿಕೆ ಬಿತ್ತು. ದೇವೇಂದ್ರಪ್ಪನವರು ಆ ಮಡಿಕೆಯನ್ನು ನೋಡಿದರು. ಮೊದಲು ಕೌದಿ, ಆಮೇಲೆ ಉಡಿ ಎಂದಿದ್ದಳು ಶೇಖರಮ್ಮ. ಮಗನಿಂದ ತುಂಬಿದ ತೊಡೆಯಲ್ಲಿ ಉಡಿಗೆ ಜಾಗ ಎಲ್ಲಿಂದ ಬರಬೇಕೆಂದು ಅವಳು ಮೊದಲೇ ಲೆಕ್ಕ ಹಾಕಿದ್ದಳು.

"ಬಾರವಾ, ತುಂಬು."

ಹಿಲ್ಡಾ ಹಿಂದೆ ಸರಿದಳು. "ಅಪ್ಪಾರ, ನಾ ಲಗ್ನ ಆದಾಕಿ ಅಲ್ಲ. ಮುತ್ತೈದೇರು ತುಂಬಬೇಕಲ್ರಿ? ಅವ್ವನ ಹೇಳ್ತಿದ್ಲು."

"ನೀ ತುಂಬಬೇಕಂತ ಹೇಳಿದಾಕಿನೂ ಅಕಿನ. ಮುತ್ತೈದಿಯಾಗಿ ಹೋಗ್ಯಾಳ ನಿಮ್ಮವ್ವ. ಅಕಿ ಕೈ ಅಂತ ತಿಳಕೊಂಡು ಹಾಕು."

ಹಿಲ್ಡಾ ಕೊರಳಿನ ವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡಳು. ಶೇಖರಮ್ಮ ಮಾಡುತ್ತಿದ್ದಂತೆಯೇ ಎರಡೂ ಕೈ ಜೋಡಿಸಿ ಅಕ್ಕಿ ಎತ್ತಿ, ಕೌದಿಯ ಮಡಿಕೆಗೆ ಐದು ಸಲ ಹಾಕಿದಳು. ಅದರ ಮೇಲೆ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ, ಅಡಿಕೆ ಇಟ್ಟಳು. ಒಂದು ಕಾಳೂ ಕೆಳಗೆ ಚೆಲ್ಲಲಿಲ್ಲ. ಪಾದ್ರಿ ತಾನೇ ಒಂದು ಮೇಣದ ದೀಪ ಹಚ್ಚಿ ದೇವೇಂದ್ರಪ್ಪನವರ ಕೈಗೆ ಕೊಟ್ಟನು.

"ತಾಯೀ," ಎಂದರು ಅವರು, "ನಮ್ಮಾಕಿ ಮಾತು ಮುಟ್ಟಿಸೀನಿ. ಅಕಿ ನಿನ್ನ ಕಡಿಗೆ ಬಂದಿದ್ರ ಇಬ್ರೂ ಕುಂತು ಮಾತಾಡ್ರಿ. ಅಕಿಗೆ ಮಾತಂದ್ರ ಭಾಳ ಇಷ್ಟ."

ಆ ದಿನವೆಲ್ಲ ಅವರು ಅಲ್ಲಿಂದ ಏಳಲಿಲ್ಲ. ಸಂತೆಗೆ ಬಂದವರು ಬುಟ್ಟಿ ಹಿಡಿದು ಒಳಗೆ ಬರುತ್ತಿದ್ದರು, ತಾಯಿಯ ಮುಂದೆ ನಿಂತು ಪಿಸುಮಾತಾಡುತ್ತಿದ್ದರು. ಗಡ್ಡೆ ಮಾರುವ ಮುದುಕಿಯೊಬ್ಬಳು ಬಂದು ಬಹಳ ಹೊತ್ತು ನೋಡಿದಳು. ಕಾಲ ಕಡೆ ಕೌದಿ ಒಂದಿಷ್ಟು ಸರಿದಿತ್ತು. ಅದನ್ನು ಎಳೆದು ಸರಿಮಾಡಿ ಹೋದಳು.

ಸಂಜೆಯ ಗಂಟೆ ಬಾರಿಸಿತು. ದೇವೇಂದ್ರಪ್ಪನವರು ಎದ್ದು ನಿಂತರು. ಹೊದಿಸಿದ್ದನ್ನು ತಮ್ಮ ಕೈಯಿಂದಲೇ ತೆಗೆಯಬೇಕಲ್ಲ ಎಂದುಕೊಂಡರು. ಪಾದ್ರಿ ಬಂದು ಮೂರ್ತಿಯ ಮುಂದೆ ನಿಂತನು. ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡನು. ಹಿಲ್ಡಾಳ ಕಡೆ ತಿರುಗಿ ಮೆಲ್ಲನೆ ಏನೋ ಹೇಳಿ, ಉಳಿದ ದೀಪಗಳನ್ನು ಆರಿಸಲು ಹೋದನು.

"ಏನಂದ್ರವಾ?"

ಹಿಲ್ಡಾ ಮೂಗು ಒರೆಸಿಕೊಂಡಳು.

"ರಾತ್ರಿ ಈ ಗುಡ್ಯಾಗ ಥಂಡಿ ಭಾಳ ಇರತೈತಂತ್ರಿ. ಇರಲಿ, ತಗೀಬ್ಯಾಡ್ರಿ ಅಂದ್ರು."

ದೇವೇಂದ್ರಪ್ಪನವರು ಕೈಮುಗಿದರು. ಹೊರಗೆ ಚೌಕದಲ್ಲಿ ಸಂತೆ ಚದುರಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಕಂಕುಳಲ್ಲಿದ್ದ ರುಮಾಲನ್ನು ತೆಗೆದು, ಅಲ್ಲೇ ನಿಂತು ಸಾವಕಾಶವಾಗಿ ತಲೆಗೆ ಸುತ್ತಿಕೊಂಡರು.